ಉರಿಯಲ್ಲ ಅಂತ ಎಲ್ಲದರ ಜೊತೆ ಜೋಡಿಸಿಡೋ ಮೂಟೆಗಳ ಬಗ್ಗೆ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಗೋಡೌನ್‌ಗೆ ಬೆಂಕಿ ಬಿತ್ತು ಅನ್ನೋ ಸುದ್ದಿ ಬಂದಾಗೆಲ್ಲ, ನಿಮ್ಮ ಪೇಪರ್ ಇರ್ಲಿ ಬೇರೆಯವರದ್ದಿರ್ಲಿ, ಒಳಗಿದ್ದ ಕೆಮಿಕಲ್‌ನಿಂದ ಬೆಂಕಿ ಜೋರಾಯ್ತು ಅಂತ ಒಂದು ಲೈನ್ ಇರುತ್ತೆ, ಅಲ್ಲಿಗೆ ಮುಗೀತು. ಯಾವ ಕೆಮಿಕಲ್, ಮೂಟೆ ಮೇಲೆ ಯಾವ ಲೇಬಲ್ ಇತ್ತು, ಪಕ್ಕದಲ್ಲಿ ಏನಿಟ್ಟಿದ್ರು, ಇದ್ಯಾವುದೂ ಬರಲ್ಲ. ನಾನು ಕೆಮಿಕಲ್ ಟೆಸ್ಟಿಂಗ್ ಲ್ಯಾಬಲ್ಲಿ ಕೆಲಸ ಮಾಡೋನು. ಪುಡಿ, ಹರಳು, ಗುಳಿಗೆ ರೂಪದಲ್ಲಿರೋ ಕೆಮಿಕಲ್‌ಗಳು ಬೆಂಕಿಗೆ ಎಷ್ಟು ಕುಮ್ಮಕ್ಕು ಕೊಡ್ತವೆ ಅಂತ ಅಳೆಯೋದು ನಮ್ಮ ಕೆಲಸದಲ್ಲಿ ಒಂದು. ಅಷ್ಟು ಕಷ್ಟಪಟ್ಟು ಅಳೆದು ಕೊಟ್ಟ ರಿಪೋರ್ಟು ಮೂಟೆ ಹೊರೋ ಹಮಾಲಿವರೆಗೆ, ಅಂಗಡಿ ಹುಡುಗನವರೆಗೆ ತಲುಪೋದೇ ಇಲ್ಲ, ಮಧ್ಯದಲ್ಲೇ ಎಲ್ಲೋ ಕಳೆದುಹೋಗುತ್ತೆ. ಅದು ಎಲ್ಲಿ ಕಳೆದುಹೋಗುತ್ತೆ ಅಂತ ಹೇಳೋಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ಜಾಗ ಇಲ್ಲ ಅಂದ್ರೆ ಕತ್ತರಿಸ್ಕೊಳ್ಳಿ.

ವ್ಯಾಪಾರಿಗಳು ನಮ್ಮನ್ನ ಕೇಳೋ ಮೊದಲ ಪ್ರಶ್ನೆ ಯಾವಾಗ್ಲೂ ಒಂದೇ, 'ಸಾರ್ ಇದು ಹತ್ಕೊಂಡು ಉರಿಯುತ್ತಾ?' ಪೊಟ್ಯಾಶಿಯಂ ನೈಟ್ರೇಟ್ ಅಂದ್ರೆ ಪೆಟ್ಲುಪ್ಪು, ಅದಕ್ಕೆ ಬೆಂಕಿಕಡ್ಡಿ ಹಿಡಿದ್ರೆ ತಾನಾಗಿ ಹತ್ಕೊಳ್ಳಲ್ಲ. ಬ್ಲೀಚಿಂಗ್ ಪೌಡರೂ ಹತ್ಕೊಳ್ಳಲ್ಲ. ಬಾವಿಗೆ ಹಾಕೋ ನೇರಳೆ ಪರ್ಮಾಂಗನೇಟೂ ಅಷ್ಟೇ. ಹಾಗಾಗಿ 'ಉರಿಯಲ್ಲ' ಅಂತ ಉತ್ತರ ಕೊಟ್ರೆ ಅದು ಸುಳ್ಳಲ್ಲ, ಆದ್ರೆ ಕೇಳಿದವನು ನೆಮ್ಮದಿಯಾಗಿ ಹೋಗಿ ಅದನ್ನ ಎಣ್ಣೆ ಡಬ್ಬದ ಪಕ್ಕ ಇಡ್ತಾನೆ. ಇವು ಆಕ್ಸಿಡೈಸರ್‌ಗಳು, ಪಠ್ಯಪುಸ್ತಕದಲ್ಲಿ ಉತ್ಕರ್ಷಣಕಾರಿ ಅಂತ ಇರುತ್ತಲ್ಲ ಅದೇ. ಕಮ್ಮಾರನ ತಿದಿ ಇದ್ದ ಹಾಗೆ, ತಿದಿ ಏನೂ ಉರಿಯಲ್ಲ, ಆದ್ರೆ ಕುಲುಮೆ ಮುಂದೆ ಇಟ್ರೆ ಕಬ್ಬಿಣ ಕೆಂಪಾಗುತ್ತೆ. ಇವುಗಳ ಒಳಗೇ ಆಕ್ಸಿಜನ್ ಇರುತ್ತೆ, ಕೆಲವದರಲ್ಲಿ ಕ್ಲೋರಿನ್ನೂ ಅದೇ ಕೆಲಸ ಮಾಡುತ್ತೆ. ಪಕ್ಕದಲ್ಲಿ ಉರಿಯೋ ವಸ್ತು ಇದ್ದು, ಒಂದು ಕಿಡಿ ಬಿದ್ದು, ಬಿಸಿ ಏರ್ತು ಅಂದ್ರೆ ಆಮೇಲೆ ಹೊರಗಿನ ಗಾಳಿಗೆ ಕಾಯಲ್ಲ.

ಅದಕ್ಕೇ ಟೆಸ್ಟು ಕೂಡ ಆ ಕೆಮಿಕಲ್ ಒಂದನ್ನೇ ಇಟ್ಟು ಮಾಡಲ್ಲ. ವಿಶ್ವಸಂಸ್ಥೆಯವರ ಟೆಸ್ಟ್ ಮ್ಯಾನ್ಯುಯಲ್ ಅಂತ ಒಂದಿದೆ, ಅಪಾಯಕಾರಿ ಸರಕು ಸಾಗಿಸೋಕೆ ಜಗತ್ತೆಲ್ಲ ಅದನ್ನೇ ಹಿಡ್ಕೊಂಡು ಹೋಗೋದು, ಅದರಲ್ಲಿ ಘನ ಆಕ್ಸಿಡೈಸರ್‌ಗೆ ಇರೋದು ಓ 1 ಅನ್ನೋ ಟೆಸ್ಟು. ಕೆಮಿಕಲ್ಲನ್ನ ಸೆಲ್ಯುಲೋಸ್ ಜೊತೆ ಬೆರೆಸಿ ಹೊತ್ತಿಸಿ, ಎಷ್ಟು ಹೊತ್ತಲ್ಲಿ ಉರಿದು ಮುಗೀತು ಅಂತ ನೋಡೋದು. ಸೆಲ್ಯುಲೋಸ್ ಅಂದ್ರೆ ಬೇರೇನಲ್ಲ, ಮರ, ಕಾಗದ, ಹತ್ತಿ, ಗೋಣಿನಾರು ಇವೆಲ್ಲದರ ಮೂಲ ಸರಕು, ಬಿಳೀ ನಾರುಪುಡಿ ಹಾಗಿರುತ್ತೆ. ಯಾಕೆ ಅದನ್ನೇ ಆರಿಸ್ಕೊಂಡ್ರು ಅಂತ ಗೋಡೌನ್ ಒಳಗೆ ಒಂದು ಸಲ ಕಾಲಿಟ್ಟವರಿಗೆ ಹೇಳ್ಬೇಕಾಗಿಲ್ಲ. ರಟ್ಟಿನ ಡಬ್ಬ, ಮರದ ಪ್ಯಾಲೆಟ್, ಗೋಣಿಚೀಲ, ಹಳೇ ಲೆಕ್ಕದ ಪುಸ್ತಕ, ನೆಲ ಗುಡಿಸೋ ಪೊರಕೆ, ಎಲ್ಲಾ ಅದೇ.

ಟೆಸ್ಟು ಹೇಗಿರುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಲೇಬಲ್ ಮೇಲಿನ ಒಂದು ನಂಬರ್ ಹಿಂದೆ ಇಷ್ಟಿದೆ ಅಂತ ಗೊತ್ತಾದ್ರೆ ಜನ ಅದನ್ನ ಹರಿದು ಎಸೆಯೋ ಮುಂಚೆ ಒಂದು ಸಲ ಯೋಚನೆ ಮಾಡ್ತಾರೋ ಏನೋ. ಮೊದಲು ಸೆಲ್ಯುಲೋಸನ್ನ 105 ಡಿಗ್ರಿ ಓವನ್‌ನಲ್ಲಿ ಒಣಗಿಸ್ಬೇಕು, ತೇವಾಂಶ ಶೇ 0.5ಕ್ಕಿಂತ ಕಮ್ಮಿ ಬರೋ ತನಕ. ಮಳೆಗಾಲದಲ್ಲಿ ಇದೊಂದು ತಲೆನೋವು, ಓವನ್‌ನಿಂದ ತೆಗೆದು ಡೆಸಿಕೇಟರ್‌ಗೆ, ಅಂದ್ರೆ ತೇವ ತಾಗದ ಹಾಗೆ ಮುಚ್ಚಿಡೋ ಪಾತ್ರೆಗೆ, ಹಾಕೋ ಅಷ್ಟರಲ್ಲೇ ತೇವ ಎಳ್ಕೊಳ್ಳೋಕೆ ಶುರುಮಾಡುತ್ತೆ. ಆಮೇಲೆ ಕೆಮಿಕಲ್ಲು ಮತ್ತು ಸೆಲ್ಯುಲೋಸನ್ನ ತೂಕದಲ್ಲಿ ಎರಡು ಲೆಕ್ಕದಲ್ಲಿ ಬೆರೆಸ್ತೀವಿ, ಒಂದಕ್ಕೆ ಒಂದು, ಮತ್ತೆ ನಾಲ್ಕಕ್ಕೆ ಒಂದು. ಪ್ರತಿ ಮಿಶ್ರಣ 30 ಗ್ರಾಂ. ಒಟ್ಟಿಗೆ ದೊಡ್ಡದಾಗಿ ಬೆರೆಸಿಟ್ಟು ಅದರಲ್ಲೇ ತೂಕ ಮಾಡಿ ತೆಗೆಯೋ ಹಾಗಿಲ್ಲ, ಒಂದೊಂದನ್ನೂ ಬೇರೆಬೇರೆಯಾಗಿ ಬೆರೆಸಿ ಆಗಿಂದಾಗಲೇ ಟೆಸ್ಟ್ ಮಾಡ್ಬೇಕು. ಕುಟ್ಟೋದು ಅರೆಯೋದು ಅಂತೂ ಮಾಡಲೇಬಾರದು, ಮೆಲ್ಲಗೆ ಬೆರೆಸ್ಬೇಕು, ಇದು ಬರೀ ರೂಲ್ಸಿಗಾಗಿ ಅಲ್ಲ, ಬೆರೆಸೋನ ಕೈ ಉಳೀಬೇಕು ಅಂತ.

ಆಮೇಲೆ ಗಾಜಿನ ಫನಲ್, ಬಾಯಿ 70 ಮಿಲಿಮೀಟರ್, ಕೋನ 60 ಡಿಗ್ರಿ. ಅದಕ್ಕೆ ಮಿಶ್ರಣ ತುಂಬಿ ಬಿಸಿಯನ್ನ ಅಷ್ಟಾಗಿ ಸಾಗಿಸದ ಒಂದು ಪ್ಲೇಟ್ ಮೇಲೆ ಬೋರಲು ಹಾಕಿ ಎತ್ತಿದ್ರೆ ಪುಟ್ಟ ಗುಡ್ಡದ ಹಾಗೆ ರಾಶಿ ನಿಲ್ಲುತ್ತೆ. ರಾಶಿ ಅಡಿಯಲ್ಲಿ ಕರೆಂಟ್ ಕೊಟ್ರೆ ಕೆಂಪಗೆ ಕಾಯೋ ನಿಕ್ರೋಮ್ ತಂತಿ ಸುತ್ತಿ ಇಟ್ಟಿರ್ತೀವಿ, 30 ಸೆಂಟಿಮೀಟರ್ ಉದ್ದ, 0.6 ಮಿಲಿಮೀಟರ್ ದಪ್ಪ, ಅದಕ್ಕೆ 150 ವ್ಯಾಟ್ ಕರೆಂಟು. ಸ್ವಿಚ್ ಒತ್ತಿದ ಕ್ಷಣದಿಂದ ಟೈಮ್ ಶುರು. ಹೊಗೆ ಎಳೆಯೋ ಗೂಡಿನ, ಅಂದ್ರೆ ಫ್ಯೂಮ್ ಹುಡ್‌ನ ಗಾಳಿ ಸೆಕೆಂಡಿಗೆ ಅರ್ಧ ಮೀಟರ್‌ಗಿಂತ ಜಾಸ್ತಿ ಇರಬಾರದು, ಇಲ್ಲಾಂದ್ರೆ ಗಾಳಿಯೇ ಉರಿಯೋಕೆ ಸಹಾಯ ಮಾಡಿಬಿಡುತ್ತೆ. ಮೂರು ನಿಮಿಷದೊಳಗೆ ಹತ್ಕೊಳ್ಳಲಿಲ್ಲ ಅಂದ್ರೆ ಹತ್ತಲಿಲ್ಲ ಅಂತ ಬರ್ಕೊಳ್ಳೋದು.

ನೋಡೋಕೆ ಸುಲಭ ಅನ್ಸುತ್ತೆ, ಕಷ್ಟ ಇರೋದು ಟೈಮ್ ಯಾವಾಗ ನಿಲ್ಲಿಸ್ಬೇಕು ಅನ್ನೋದ್ರಲ್ಲಿ. ಮುಖ್ಯವಾದ ಉರಿ ಮುಗಿದ ಮೇಲೂ ಅಲ್ಲೊಂದು ಇಲ್ಲೊಂದು ಕಿಡಿ ಸಿಡೀತಾ ಇರುತ್ತೆ, ಚಟಪಟ ಅಂತಿರುತ್ತೆ, ಅದನ್ನ ಲೆಕ್ಕಕ್ಕೆ ಹಿಡಿಯಬಾರದು ಅಂತ ಮ್ಯಾನ್ಯುಯಲ್ ಹೇಳುತ್ತೆ. ಆದ್ರೆ ಯಾವುದು ಮುಖ್ಯ ಯಾವುದು ಚಿಲ್ಲರೆ ಅನ್ನೋದನ್ನ ಕಣ್ಣೇ ತೀರ್ಮಾನಿಸ್ಬೇಕು. ಸೋಡಿಯಂ ಉಪ್ಪಾದ್ರೆ ಹಳದಿ ಬೆಳಕು ಕಣ್ಣಿಗೆ ಹೊಡೆಯುತ್ತೆ, ರಾಶಿ ಒಳಗೆ ಕೆಂಡ ಇದೆಯೋ ಆರಿದೆಯೋ ಕಾಣಲ್ಲ. ಇನ್ನು ಕೆಲವು ಸ್ಯಾಂಪಲ್ಲು ಜ್ವಾಲೆಯೇ ಇಲ್ಲದೆ ಒಳಗೊಳಗೇ ಕೆಂಪಗೆ ನುಂಗ್ತಾ ಹೋಗ್ತವೆ, ಮೇಲೆ ಬರೀ ಹೊಗೆ. ಒಂದೇ ವಿಡಿಯೋ ನೋಡಿ ಇಬ್ಬರು ಕೆಮಿಸ್ಟ್‌ಗಳು ಬೇರೆಬೇರೆ ಸೆಕೆಂಡ್ ಹೇಳೋದನ್ನ ನಾನು ಬೇಕಾದಷ್ಟು ನೋಡಿದೀನಿ. ಅದಕ್ಕೇ ಒಂದೊಂದು ಮಿಶ್ರಣಕ್ಕೂ ಐದೈದು ಸಲ ಮಾಡಿ ಸರಾಸರಿ ತೆಗೆಯೋದು.

ಬಂದ ಸಮಯವನ್ನ ಹೋಲಿಸೋಕೆ ಒಂದು ಅಳತೆಗೋಲು ಬೇಕಲ್ಲ, ಅದು ಪೊಟ್ಯಾಶಿಯಂ ಬ್ರೋಮೇಟ್. ಹೌದು, ಬ್ರೆಡ್ಡಿಗೆ ಹಾಕ್ತಾರೆ ಅಂತ 2016ರಲ್ಲಿ ದೇಶ ಎಲ್ಲಾ ಗಲಾಟೆ ಆಯ್ತಲ್ಲ, ದೆಹಲಿಯ ಸಿಎಸ್‌ಇ ಅನ್ನೋ ಪರಿಸರ ಸಂಸ್ಥೆಯವರ ವರದಿ ಬಂದು, ಮುಂದಿನ ತಿಂಗಳೇ ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐ ಅದನ್ನ ಬಳಸಬಹುದಾದ ವಸ್ತುಗಳ ಪಟ್ಟಿಯಿಂದ ತೆಗೆದುಹಾಕ್ತಲ್ಲ, ಅದೇ ಬ್ರೋಮೇಟು. ಹಿಟ್ಟಿನಲ್ಲಿ ಅದು ಮಾಡ್ತಿದ್ದಿದ್ದೂ ಆಕ್ಸಿಡೈಸರ್ ಕೆಲಸವೇ, ಬ್ರೆಡ್ ಉಬ್ಬಿ ನಿಲ್ಲೋ ಹಾಗೆ ಹಿಟ್ಟನ್ನ ಬಿಗಿ ಮಾಡೋದು. ನಮ್ಮ ಲ್ಯಾಬಲ್ಲಿ ಅದನ್ನ ಜರಡಿ ಹಿಡಿದು, ಮೂರು ಪಾಲು ಬ್ರೋಮೇಟಿಗೆ ಏಳು ಪಾಲು ಸೆಲ್ಯುಲೋಸ್, ಎರಡಕ್ಕೆ ಮೂರು, ಮೂರಕ್ಕೆ ಎರಡು, ಹೀಗೆ ಮೂರು ಥರ ಬೆರೆಸಿ ಅವೂ ಎಷ್ಟು ಹೊತ್ತು ಉರೀತವೆ ಅಂತ ನೋಡ್ತೀವಿ. ನಮ್ಮ ಸ್ಯಾಂಪಲ್ಲು ಆ ಮೂರಕ್ಕೆ ಏಳರ ಮಿಶ್ರಣದಷ್ಟಾದ್ರೂ ಬೇಗ ಉರಿದ್ರೆ ಅದು ಆಕ್ಸಿಡೈಸರ್, ಪ್ಯಾಕಿಂಗ್ ಗ್ರೂಪ್, ಅಂದ್ರೆ ಅಪಾಯದ ದರ್ಜೆ, ಮೂರು. ಎರಡಕ್ಕೆ ಮೂರರಷ್ಟು ಬೇಗ ಆದ್ರೆ ಗ್ರೂಪ್ ಎರಡು. ಮೂರಕ್ಕೆ ಎರಡಕ್ಕಿಂತಲೂ ಬೇಗ ಆದ್ರೆ ಗ್ರೂಪ್ ಒಂದು, ಅದು ಎಲ್ಲಕ್ಕಿಂತ ಡೇಂಜರ್. ಮೂರಕ್ಕೆ ಏಳಕ್ಕಿಂತ ನಿಧಾನ ಆದ್ರೆ, ಅಥವಾ ಹತ್ತದೇ ಇದ್ರೆ, ಆ ಕೆಮಿಕಲ್ ಸಾಗಾಣಿಕೆ ನಿಯಮದಲ್ಲಿ ಆಕ್ಸಿಡೈಸರ್‌ಗಳಿಗೆ ಇರೋ 5.1 ಅನ್ನೋ ವರ್ಗಕ್ಕೆ ಬರಲ್ಲ.

ಬ್ರೋಮೇಟ್‌ನಿಂದ ಕ್ಯಾನ್ಸರ್ ಬರಬಹುದು ಅಂತ ಇರೋದ್ರಿಂದ ಲ್ಯಾಬಿನವರಿಗೂ ಅದು ಒಳ್ಳೇದಲ್ಲ, ಜೊತೆಗೆ ಕಣ್ಣಳತೆಯ ತೊಂದರೆ ಬೇರೆ. ಹಾಗಾಗಿ ಆಮೇಲೆ ಓ 3 ಅಂತ ಇನ್ನೊಂದು ಟೆಸ್ಟ್ ಬಂತು. ಅದರಲ್ಲಿ ಅಳತೆಗೋಲು ಕ್ಯಾಲ್ಸಿಯಂ ಪೆರಾಕ್ಸೈಡ್, ಮತ್ತೆ ರಾಶಿಯನ್ನ ತಕ್ಕಡಿ ಮೇಲೆ ಇಟ್ಟು ಉರಿಸೋದು, ತೂಕ ಇಳಿಯೋ ವೇಗವನ್ನ ಕಂಪ್ಯೂಟರ್ ಬರ್ಕೊಳ್ಳುತ್ತೆ. ಶುರು ಮತ್ತು ಕೊನೆಯ ಗೊಂದಲ ಬಿಟ್ಟು ಮಧ್ಯದ ಭಾಗದಿಂದ, ಅಂದ್ರೆ ಶೇ 20ರಿಂದ 80ರ ನಡುವೆ ತೂಕ ಇಳಿದ ವೇಗದಿಂದ ಲೆಕ್ಕ ಹಾಕ್ತಾರೆ. ನನಗೆ ಕೇಳಿದ್ರೆ ಇದೇ ವಾಸಿ, ಕಣ್ಣಿನ ಜಗಳ ಇಲ್ಲ. ಆದ್ರೆ ಒಳ್ಳೇ ತಕ್ಕಡಿ ಬೇಕು, ಬೆಂಕಿಯ ಬಿಸಿಗೆ ಅದು ಕೆಡದ ಹಾಗೆ ಅಡ್ಡ ಕಟ್ಟಬೇಕು, ಖರ್ಚಿನ ಬಾಬ್ತು.

ಒಂದೇ ಹೆಸರಿನ ಕೆಮಿಕಲ್ ಎರಡು ಬೇರೆ ರಿಸಲ್ಟ್ ಕೊಡಬಹುದು ಅನ್ನೋದು ವ್ಯಾಪಾರಿಗಳ ತಲೆಗೆ ಹೋಗೋದೇ ಇಲ್ಲ. ಹರಳು ಇದ್ದಾಗ ನಿಧಾನ, ಅದೇ ಹರಳನ್ನ ನುಣ್ಣಗೆ ಪುಡಿ ಮಾಡಿದ್ರೆ ಸೆಲ್ಯುಲೋಸ್ ಜೊತೆ ಚೆನ್ನಾಗಿ ಅಂಟಿ ಸರ್ರನೆ ಉರಿಯುತ್ತೆ. ಹರಳಿನ ಸ್ಯಾಂಪಲ್ ಕಳಿಸಿ ರಿಪೋರ್ಟ್ ತಗೊಂಡು ಪೌಡರ್ ಮಾರಿದ್ರೆ ಆ ರಿಪೋರ್ಟಿಗೆ ಮೂರು ಕಾಸಿನ ಬೆಲೆ ಇಲ್ಲ. ಇನ್ನೊಂದು ನೀರು. ಹರಳಿನ ಒಳಗೇ ಕಟ್ಕೊಂಡಿರೋ ನೀರು ಇರುತ್ತೆ, ಅದು ಬಿಸಿ ಎಳ್ಕೊಂಡು ಉರಿಯನ್ನ ತಡೆಯುತ್ತೆ. ಡ್ರಿಪ್ಪಲ್ಲಿ ಬಿಡೋ ಕ್ಯಾಲ್ಸಿಯಂ ನೈಟ್ರೇಟ್ ಗೊಬ್ಬರ ನಮ್ಮ ಕೋಲಾರ ಚಿಕ್ಕಬಳ್ಳಾಪುರದ ಟೊಮ್ಯಾಟೊ ಬೆಳೆಗಾರರಿಗೆ, ವಿಜಯಪುರದ ದ್ರಾಕ್ಷಿಯವರಿಗೆ ಚೆನ್ನಾಗಿ ಗೊತ್ತು. ಬರೀ ಕ್ಯಾಲ್ಸಿಯಂ ನೈಟ್ರೇಟ್ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಯುಎನ್ 1454, ಆಕ್ಸಿಡೈಸರ್. ಆದ್ರೆ ಗೊಬ್ಬರದ ದರ್ಜೆಯದ್ದು, ಅಮೋನಿಯಂ ನೈಟ್ರೇಟ್ ಶೇ 10 ಮೀರದೆ, ಹರಳಿನ ನೀರು ಕಮ್ಮಿ ಅಂದ್ರೆ ಶೇ 12 ಇರೋ ಜೋಡಿ ಉಪ್ಪಾದ್ರೆ, ಅದಕ್ಕೆ ಆ ನಿಯಮಗಳಿಂದ ವಿನಾಯಿತಿ ಇದೆ. ಎರಡರ ಚೀಲದ ಮೇಲೂ ದೊಡ್ಡ ಅಕ್ಷರದಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಅಂತಲೇ ಇರುತ್ತೆ! ಇನ್ನು ಅದರ ಪಕ್ಕದ ಚೀಲ 13-0-45, ಅದು ಪೊಟ್ಯಾಶಿಯಂ ನೈಟ್ರೇಟ್, ಅಪ್ಪಟ ಆಕ್ಸಿಡೈಸರ್, ಅದಕ್ಕೆ ಹಾಗೆಲ್ಲ ವಿನಾಯಿತಿ ಇಲ್ಲ.

ಟೆಸ್ಟಲ್ಲಿ ಪಾಸಾಯ್ತು ಅಂದ್ರೆ ಪೂರ್ತಿ ಸೇಫ್ ಅಂತಲೂ ಅಲ್ಲ, ಇದನ್ನ ನಮ್ಮ ಲ್ಯಾಬಿನವರೇ ಒಪ್ಕೊಂಡು ಹೇಳ್ಬೇಕು. 2018ರ ಮಾರ್ಚ್ 6ಕ್ಕೆ ಸಿಂಗಪುರದಿಂದ ಸೂಯೆಜ್ ಕಡೆ ಹೊರಟಿದ್ದ ಮೇರ್ಸ್ಕ್ ಹೋನಮ್ ಅನ್ನೋ ದೊಡ್ಡ ಕಂಟೇನರ್ ಹಡಗಿಗೆ ಅರಬ್ಬೀ ಸಮುದ್ರದಲ್ಲಿ ಬೆಂಕಿ ಬಿತ್ತು, ಐದು ಜನ ಸಿಬ್ಬಂದಿ ಸತ್ತರು. ಬೆಂಕಿ ಶುರುವಾದ ಹೋಲ್ಡ್‌ನಲ್ಲಿ, ಅಂದ್ರೆ ಡೆಕ್ ಕೆಳಗಿನ ಸರಕು ಕೋಣೆಯಲ್ಲಿ, ಸುಮಾರು 1000 ಟನ್ ಸೋಡಿಯಂ ಡೈಕ್ಲೋರೋಐಸೋಸೈನುರೇಟ್ ಡೈಹೈಡ್ರೇಟ್ ಇತ್ತು. ಹೆಸರು ನಾಲಿಗೆ ತಿರುಗಿಸುತ್ತೆ, ಆದ್ರೆ ಕುಡಿಯೋ ನೀರಿಗೆ ಹಾಕೋ ಕ್ಲೋರಿನ್ ಮಾತ್ರೆ ಇದರಿಂದಲೇ ಮಾಡೋದು. ಇದರ ಒಣ ರೂಪ ಆಕ್ಸಿಡೈಸರ್ ಪಟ್ಟಿಯಲ್ಲಿದೆ. ನೀರು ಕಟ್ಕೊಂಡ ಡೈಹೈಡ್ರೇಟ್ ರೂಪ ಮಾತ್ರ 5.1ರ ಮಾನದಂಡ ಮುಟ್ಟಲ್ಲ ಅಂತ ನಿಯಮದಲ್ಲೇ ಬರೆದಿದೆ. ಹಾಗಾಗಿ ಅದು ಪರಿಸರಕ್ಕೆ ಹಾನಿ ಅನ್ನೋ 9ನೇ ವರ್ಗದ ಸರಕಾಗಿ ಡೆಕ್ ಕೆಳಗೆ ಹೋಲ್ಡ್ ಒಳಗೆ ಕೂತಿತ್ತು. ಸಿಂಗಪುರದ ತನಿಖಾಧಿಕಾರಿಗಳು ಇದೇ ಕಾರಣ ಅಂತ ಖಡಾಖಂಡಿತವಾಗಿ ಹೇಳಲಿಲ್ಲ, ಆದ್ರೆ ಆ ಸರಕು ತಾನಾಗೇ ವಿಘಟನೆ ಆಗಿ ಬಿಸಿ ಏರಿರೋ ಸಾಧ್ಯತೆ ಇದೆ ಅಂದ್ರು. ನಿಯಮ ಯಾರೂ ಮುರಿದಿರಲಿಲ್ಲ, ತಪ್ಪು ಘೋಷಣೆ ಏನೂ ಇರಲಿಲ್ಲ. ಸೆಲ್ಯುಲೋಸ್ ಜೊತೆ ಎಷ್ಟು ಬೇಗ ಉರಿಯುತ್ತೆ ಅನ್ನೋದು ಒಂದು ಪ್ರಶ್ನೆ. ಸಾವಿರ ಟನ್ ಒಂದೇ ಕಡೆ ಬಿಸಿಯಲ್ಲಿ ಬೆಂದ್ರೆ ಒಳಗೇನಾಗುತ್ತೆ ಅನ್ನೋದು ಬೇರೆಯೇ ಪ್ರಶ್ನೆ, ಅದಕ್ಕೆ 30 ಗ್ರಾಮಿನ ರಾಶಿ ಉತ್ತರ ಕೊಡಲ್ಲ. ಆಮೇಲೆ ಆ ಕಂಪನಿ ಅಪಾಯದ ಸರಕನ್ನ ಹಡಗಿನಲ್ಲಿ ಎಲ್ಲಿ ಇಡಬೇಕು ಅನ್ನೋ ತನ್ನ ಕ್ರಮವನ್ನೇ ಬದಲಿಸ್ತು. 2025ರ ಜೂನ್‌ನಲ್ಲಿ ಆದ ವಾನ್ ಹೈ 503 ಹಡಗಿನ ಬೆಂಕಿಯೂ ಹಲವರಿಗೆ ನೆನಪಿರುತ್ತೆ, ಅದರಲ್ಲಿ ಬದುಕಿದ 18 ಜನರನ್ನ ನಮ್ಮ ಮಂಗಳೂರಿಗೇ ಕರ್ಕೊಂಡು ಬಂದಿದ್ದು. ಅದರ ಸರಕು ಬೇರೆ, ಆದ್ರೆ ಹಡಗಿನ ಬೆಂಕಿ ಅಂದ್ರೆ ನಮಗೆ ಸಂಬಂಧ ಇಲ್ಲದ್ದು ಅಂತ ಯಾರೂ ಅಂದ್ಕೊಳ್ಳೋದು ಬೇಡ ಅಂತ ಹೇಳ್ದೆ.

ಸರಿ, ಈಗ ರಿಪೋರ್ಟ್ ಎಲ್ಲಿ ಕಳೆದುಹೋಗುತ್ತೆ ಅನ್ನೋದಕ್ಕೆ ಬರ್ತೀನಿ. ಕಾರ್ಖಾನೆಯಿಂದ ಹೊರಡೋ 25 ಅಥವಾ 50 ಕೆಜಿ ಮೂಟೆ ಮೇಲೆ ಸಾಮಾನ್ಯವಾಗಿ ಎಲ್ಲಾ ಸರಿ ಇರುತ್ತೆ. ವಜ್ರಾಕಾರದ ಹಳದಿ ಲೇಬಲ್, ವೃತ್ತದ ಮೇಲೆ ಜ್ವಾಲೆ ಇರೋ ಚಿತ್ರ, ಕೆಳಗೆ 5.1, ಜೊತೆಗೆ ಯುಎನ್ ನಂಬರ್. ಲಾರಿಗೂ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಎಮರ್ಜೆನ್ಸಿ ಫಲಕ ಇರಬೇಕು, ಡ್ರೈವರ್ ಹತ್ರ ಟ್ರೆಮ್ ಕಾರ್ಡ್, ಅಂದ್ರೆ ಅನಾಹುತ ಆದ್ರೆ ಏನು ಮಾಡ್ಬೇಕು ಅಂತ ಹೇಳೋ ಚೀಟಿ, ಇರಬೇಕು. ಲಾರಿ ಖಾಲಿ ಮಾಡಿ ಹೋಗುತ್ತೆ, ಫಲಕ ಅದರ ಜೊತೆಗೇ ಹೋಯ್ತು. ಪೇಟೆಯಲ್ಲಿ ಮೂಟೆ ಬಿಚ್ಚಿ ಒಂದು ಕೆಜಿ, ಐದು ಕೆಜಿ ಪ್ಲಾಸ್ಟಿಕ್ ಕವರ್‌ಗೆ ಸುರಿದು ತೂಕ ಮಾಡ್ತಾರೆ, ಮೇಲೆ ಮಾರ್ಕರ್ ಪೆನ್ನಲ್ಲಿ 'ಪೊಟಾಸ್' ಅಂತಲೋ, 'ಪಿಎನ್' ಅಂತಲೋ, ಕೆಲವು ಸಲ ಬರೀ ರೇಟು ಬರೀತಾರೆ. ಹಳದಿ ಲೇಬಲ್ ಇದ್ದ ಖಾಲಿ ಚೀಲ ಗುಜರಿಗೆ. ಅಲ್ಲಿಗೆ ನಾವು ಸೆಕೆಂಡ್ ಎಣಿಸಿದ್ದು, ಸರಾಸರಿ ತೆಗೆದಿದ್ದು ಎಲ್ಲಾ ಗುಜರಿಗೆ ಹೋದ ಹಾಗೇ.

ಆ ಖಾಲಿ ಚೀಲವೂ ಸುಮ್ಮನೆ ಖಾಲಿ ಅಲ್ಲ. ನೈಟ್ರೇಟ್ ಉಪ್ಪು ತುಂಬಿದ್ದ ಗೋಣಿಚೀಲದ ನಾರಿಗೆ ಉಪ್ಪು ಇಳಿದಿರುತ್ತೆ, ತೇವಕ್ಕೆ ಕರಗಿ ಹೀರ್ಕೊಂಡು ಮತ್ತೆ ಒಣಗಿರುತ್ತೆ, ಅಂದ್ರೆ ನಾವು ಲ್ಯಾಬಲ್ಲಿ ಬೆರೆಸೋ ಮಿಶ್ರಣವೇ ಅದು, ತಯಾರಾಗಿ ಸಿಕ್ಕಿದ ಹಾಗೆ. ಚೆಲ್ಲಿದ ಪುಡಿಯನ್ನ ಗುಡಿಸೋಕೆ ಮರದ ಹೊಟ್ಟು ಹಾಕೋದೂ ಇದೇ ಕಥೆ. ಎಣ್ಣೆ ಚೆಲ್ಲಿದ್ರೆ ಹೊಟ್ಟು ಹಾಕಿ ಗುಡಿಸ್ತಾರಲ್ಲ, ಅದೇ ಅಭ್ಯಾಸದಲ್ಲಿ ಇಲ್ಲೂ ಹಾಕ್ತಾರೆ, ಗುಡಿಸಿದ್ದನ್ನ ಮೂಲೆಯಲ್ಲಿ ಬಕೆಟ್‌ನಲ್ಲಿ ಇಡ್ತಾರೆ, ಅಲ್ಲೇ ನಿಂತು ಬೀಡಿ ಸೇದ್ತಾರೆ. ದಯವಿಟ್ಟು ಹೊಟ್ಟು ಹಾಕ್ಬೇಡಿ. ಒಣ ಸ್ವಚ್ಛ ಸಲಿಕೆಯಿಂದ ಬೇರೆ ಪ್ಲಾಸ್ಟಿಕ್ ಡಬ್ಬಕ್ಕೆ ತುಂಬಿ, ಮತ್ತೆ ಹಳೇ ಮೂಟೆಗೆ ಸುರೀಬೇಡಿ.

ಹಳ್ಳಿ ಕಡೆ ನೀರಿನ ಟ್ಯಾಂಕಿಗೆ ಹಾಕೋ ಬ್ಲೀಚಿಂಗ್ ಪೌಡರ್ ಬಗ್ಗೆ ಬೇರೆಯಾಗಿ ಹೇಳ್ಲೇಬೇಕು, ಯಾಕಂದ್ರೆ ಇದನ್ನ ಯಾರೂ ಅಪಾಯದ ಸರಕು ಅಂತ ನೋಡೋದೇ ಇಲ್ಲ, ಸುಣ್ಣದ ಹಾಗೆ ನೋಡ್ತಾರೆ. ಒಂದು ಪಂಪ್ ಹೌಸಲ್ಲಿ ನಾನು ಕಣ್ಣಾರೆ ನೋಡಿದ್ದು, ಊರಿನ ಹೆಸರು ಬೇಡ: ಮೂಟೆಯ ತಳ ತಿಂದುಹೋಗಿ ಬಿಳೀ ಪುಡಿ ನೆಲಕ್ಕೆ ಸುರಿದು ಗಟ್ಟಿಯಾಗಿತ್ತು, ಅದಕ್ಕೆ ಒರಗಿಸಿ ಜನರೇಟರ್ ಡೀಸೆಲ್ ಕ್ಯಾನ್, ಕ್ಯಾನ್ ಬಾಯಿಗೆ ಬಿರಡೆ ಇಲ್ಲ, ಎಣ್ಣೆ ಒರೆಸಿದ ಬಟ್ಟೆ ತುರುಕಿತ್ತು. ವಾಟರ್‌ಮನ್‌ನ ಕೇಳಿದ್ರೆ 'ಏನಾಗಲ್ಲ ಬಿಡಿ ಸಾರ್, ಇದು ಕ್ಲೋರಿನ್ ಅಲ್ವಾ, ಕ್ರಿಮಿ ಸಾಯುತ್ತೆ ಅಷ್ಟೇ' ಅಂದ. ಅವನದ್ದೇನೂ ತಪ್ಪಿಲ್ಲ, ಅವನಿಗೆ ಯಾರೂ ಹೇಳಿಲ್ಲ. ನಮ್ಮಲ್ಲಿ ಸಿಗೋ ಬ್ಲೀಚಿಂಗ್ ಪೌಡರ್‌ನಲ್ಲಿ ಬಳಕೆಗೆ ಸಿಗೋ ಕ್ಲೋರಿನ್ ಸುಮಾರು ಮೂರನೇ ಒಂದು ಭಾಗ ಇರುತ್ತೆ. ಶೇ 10ಕ್ಕಿಂತ ಜಾಸ್ತಿ, ಶೇ 39 ಮೀರದಷ್ಟು ಇರೋದಕ್ಕೆ ಯುಎನ್ 2208 ಅಂತ ನಂಬರೇ ಇದೆ, ಅದೂ 5.1 ವರ್ಗವೇ. ಇದರ ಗುಣ ನೈಟ್ರೇಟ್‌ಗಿಂತ ಕೆಟ್ಟದ್ದು, ಬಿಸಿ ಮತ್ತು ತೇವಕ್ಕೆ ತಾನೇ ಕೆಡ್ತಾ ಹೋಗುತ್ತೆ, ಎಣ್ಣೆ ಗ್ರೀಸ್ ತಗುಲಿದ್ರೆ ಕಿಡಿ ಇಲ್ಲದೇನೂ ಬಿಸಿ ಏರಬಹುದು. ಇಂಥದ್ದಕ್ಕೆ ಬೆಂಕಿ ಬಿದ್ದಾಗ ಮಾಮೂಲಿ ಎಬಿಸಿ ಪೌಡರ್ ಸಿಲಿಂಡರ್ ಹೊಡೀಬಾರದು, ಅದರಲ್ಲಿ ಅಮೋನಿಯಂ ಫಾಸ್ಫೇಟ್ ಇರುತ್ತೆ, ಕ್ಲೋರಿನ್ ಜೊತೆ ಸೇರಿ ಇನ್ನೂ ಅಪಾಯದ್ದು ಹುಟ್ಟುತ್ತೆ. ಪಂಪ್ ಹೌಸ್ ಗೋಡೆಗೆ ನೇತುಹಾಕಿರೋದು ಹೆಚ್ಚಿನ ಕಡೆ ಅದೇ ಸಿಲಿಂಡರು.

ಆಕ್ಸಿಡೈಸರ್ ಬೆಂಕಿಯನ್ನ ಮುಚ್ಚಿ ಉಸಿರುಗಟ್ಟಿಸೋಕೆ ಆಗಲ್ಲ ಅನ್ನೋದನ್ನ ಅಗ್ನಿಶಾಮಕ ದಳದವರಿಗೆ ನಾನು ಹೇಳ್ಬೇಕಾಗಿಲ್ಲ, ಅವರಿಗೆ ಗೊತ್ತು. ಆದ್ರೆ ಒಳಗೆ ಇರೋದು ಆಕ್ಸಿಡೈಸರ್ ಅನ್ನೋದು ಗೇಟಲ್ಲಿ ನಿಂತಾಗ ಅವರಿಗೆ ಯಾರು ಹೇಳ್ತಾರೆ? 1947ರ ಏಪ್ರಿಲ್ 16ಕ್ಕೆ ಅಮೆರಿಕದ ಟೆಕ್ಸಸ್ ಸಿಟಿ ಬಂದರಿನಲ್ಲಿ ಗ್ರಾಂಡ್‌ಕ್ಯಾಂಪ್ ಅನ್ನೋ ಹಡಗಲ್ಲಿ ಹೊಗೆ ಕಾಣಿಸ್ತು, ಸರಕು ಕಾಗದದ ಚೀಲದಲ್ಲಿ ತುಂಬಿದ ಅಮೋನಿಯಂ ನೈಟ್ರೇಟ್ ಗೊಬ್ಬರ. ನೀರು ಹೊಡೆದ್ರೆ ಸರಕು ಹಾಳಾಗುತ್ತೆ ಅಂತ ಬಾಗಿಲು ಮುಚ್ಚಿಸಿ ಒಳಗೆ ಹಬೆ ಬಿಟ್ರು, ಗಾಳಿ ಇಲ್ದೆ ಆರುತ್ತೆ ಅಂತ. ಗಾಳಿ ಬೇಕಾಗೇ ಇರಲಿಲ್ಲ, ಬಿಸಿ ಮಾತ್ರ ಏರ್ತು. ಹಡಗು ಸಿಡಿದು 500ಕ್ಕೂ ಹೆಚ್ಚು ಜನ ಸತ್ತರು, ಆ ಊರಿನ ಫೈರ್ ಸ್ಟೇಷನ್‌ನವರು ಹೆಚ್ಚುಕಮ್ಮಿ ಎಲ್ಲರೂ. ಕಾಗದದ ಚೀಲ ಮತ್ತೆ ನೈಟ್ರೇಟ್, ನಮ್ಮ ಟೆಸ್ಟಿನ ಎರಡು ಸಾಮಾನೂ ಅಲ್ಲಿದ್ವು. ಅಮೋನಿಯಂ ನೈಟ್ರೇಟ್ ವಿಷಯದಲ್ಲಿ ನಮ್ಮ ದೇಶದಲ್ಲಿ ಈಗ ಬಿಗಿ ಇದೆ, 2012ರ ನಿಯಮಗಳು ಬಂದ ಮೇಲೆ ಶೇ 45ಕ್ಕಿಂತ ಹೆಚ್ಚು ಅಮೋನಿಯಂ ನೈಟ್ರೇಟ್ ಇರೋದಕ್ಕೆ ಸ್ಫೋಟಕಗಳ ಸುರಕ್ಷತೆ ನೋಡ್ಕೊಳ್ಳೋ ನಾಗಪುರದ ಪೆಸೋ ಅನ್ನೋ ಕೇಂದ್ರ ಸಂಸ್ಥೆಯ ವ್ಯವಸ್ಥೆಯಡಿ ಲೈಸೆನ್ಸ್ ಬೇಕು. 2020ರ ಆಗಸ್ಟ್ 4ಕ್ಕೆ ಬೈರುತ್‌ನಲ್ಲಿ 2750 ಟನ್ ಇಟ್ಟಿದ್ದ ಗೋದಾಮು ಸಿಡಿದ ಮೇಲೆ ಚೆನ್ನೈ ಹತ್ರ ವರ್ಷಗಟ್ಟಲೆ ಬಿದ್ದಿದ್ದ ಸುಮಾರು 700 ಟನ್ನನ್ನ ತರಾತುರಿಯಲ್ಲಿ ಹೈದರಾಬಾದ್ ಕಡೆ ಸಾಗಿಸಿದ್ದೂ ನೆನಪಿರಬಹುದು. ಆದ್ರೆ ಬಾಕಿ ಆಕ್ಸಿಡೈಸರ್‌ಗಳ ಮೇಲೆ ಅಷ್ಟು ಕಣ್ಣಿಲ್ಲ, ಅದರಲ್ಲೂ ಚಿಲ್ಲರೆಯಾಗಿ ಮಾರೋದರ ಮೇಲೆ.

2023ರ ಅಕ್ಟೋಬರ್ 7ರ ಅತ್ತಿಬೆಲೆ ದುರಂತ ಆದಾಗ 14ಕ್ಕೂ ಹೆಚ್ಚು ಜನ ಸತ್ತರು, ಆವಾಗ ಎಲ್ಲರೂ ಪಟಾಕಿ ಪಟಾಕಿ ಅಂದ್ರು. ಪಟಾಕಿ ಸಿಡಿಮದ್ದಿನ ವರ್ಗಕ್ಕೆ ಬರುತ್ತೆ, ಅದರ ಕಾನೂನೇ ಬೇರೆ. ಆದ್ರೆ ಪಟಾಕಿ ಒಳಗೆ ಶಕ್ತಿ ಕೊಡೋದು ಇದೇ ನೈಟ್ರೇಟು ಪರ್‌ಕ್ಲೋರೇಟುಗಳು, ಬಿಡಿಯಾಗಿದ್ದಾಗ ಅವೇ 5.1ರ ಮೂಟೆಗಳು. ಬಿಡಿಯಾಗಿದ್ದಾಗ ಯಾರೂ ತಿರುಗಿ ನೋಡಲ್ಲ, ಅಷ್ಟೇ ವ್ಯತ್ಯಾಸ.

ನನ್ನ ಬೇಡಿಕೆ ದೊಡ್ಡದೇನಲ್ಲ. ಚಿಲ್ಲರೆಯಾಗಿ ತೂಗಿ ಮಾರೋ ಪ್ರತಿ ಕವರ್ ಮೇಲೂ ಕೆಮಿಕಲ್‌ನ ಪೂರ್ತಿ ಹೆಸರು, ಆ ಹಳದಿ ಚಿತ್ರ, ಮತ್ತೆ 'ಬೆಂಕಿಯನ್ನು ಜೋರು ಮಾಡುತ್ತದೆ, ಎಣ್ಣೆ ಕಾಗದ ಗೋಣಿ ಹೊಟ್ಟಿನಿಂದ ದೂರ ಇಡಿ' ಅಂತ ಕನ್ನಡದಲ್ಲಿ ಒಂದು ಸಾಲು ಕಡ್ಡಾಯ ಮಾಡ್ಲಿ. ಸ್ಟಿಕರ್ ರೋಲ್ ಎಷ್ಟಾಗುತ್ತೆ ಹೇಳಿ, ಗೊಬ್ಬರದಂಗಡಿಯವರು ದೀಪಾವಳಿಗೆ ಹಂಚೋ ಕ್ಯಾಲೆಂಡರ್ ಖರ್ಚಿಗಿಂತ ಕಮ್ಮಿ. ಕೆಮಿಕಲ್ ಕಾಯ್ದೆಯ ಹೊಸ ಡ್ರಾಫ್ಟ್ ದೆಹಲಿಯಲ್ಲಿ ವರ್ಷಗಳಿಂದ ಓಡಾಡ್ತಾ ಇದೆ, ಅದು ಬಂದ ಮೇಲೆ ನೋಡೋಣ ಅಂತ ಕೂರೋದು ಬೇಡ, ಲೈಸೆನ್ಸ್ ರಿನ್ಯೂ ಮಾಡೋ ಟೈಮಲ್ಲೇ ಇದನ್ನ ಕೇಳಬಹುದಲ್ಲ. ಗೋಡೌನ್ ಗೇಟ್ ಒಳಗೆ ಒಂದು ಬೋರ್ಡಲ್ಲಿ ಯಾವ ಮೂಲೆಯಲ್ಲಿ ಯಾವ ವರ್ಗದ್ದಿದೆ ಅಂತ ಬರೆದು ಹಾಕ್ಲಿ, ಫೈರ್ ಇಂಜಿನ್ ಬಂದಾಗ ಓನರ್ ಫೋನ್ ಸ್ವಿಚ್ ಆಫ್ ಇದ್ರೂ ಬೋರ್ಡ್ ಇರುತ್ತೆ. ಪಂಚಾಯ್ತಿಗಳಲ್ಲಿ ಬ್ಲೀಚಿಂಗ್ ಪೌಡರ್ ಮತ್ತು ಡೀಸೆಲ್ ಎರಡೂ ಒಂದೇ ಕೋಣೆಯಲ್ಲಿ ಇರಬಾರದು ಅಂತ ಒಂದು ಸುತ್ತೋಲೆ ಸಾಕು.

ನಿಮ್ಮ ವರದಿಗಾರರಿಗೂ ಒಂದು ಮಾತು. ಬೆಂಕಿ ಜಾಗಕ್ಕೆ ಹೋದಾಗ ಯಾವ ಕೆಮಿಕಲ್ ಅಂತ ಹೆಸರು ಕೇಳಿ ಬರೀರಿ, ಲೇಬಲ್ ಸಿಕ್ಕಿದ್ರೆ ಅದರ ನಂಬರ್ ಬರೀರಿ. ಹೆಸರು ಬಂದ್ರೆ ಅದೇ ಮೂಟೆ ಇಟ್ಕೊಂಡಿರೋ ಬೇರೆ ಊರಿನವನು ಅವತ್ತೇ ಸಂಜೆ ಹೋಗಿ ಅದನ್ನ ಜಾಗ ಬದಲಿಸ್ತಾನೆ.

ಅಂಗಡಿ, ಗೋಡೌನ್, ಕಾಲೇಜು ಲ್ಯಾಬ್ ನಡೆಸೋರಿಗೆ: ಕೆಮಿಕಲ್ ಜೊತೆ ಸೇಫ್ಟಿ ಡೇಟಾ ಶೀಟ್ ಅಂತ ಬರುತ್ತೆ, ಕೊಡದಿದ್ರೆ ಕೇಳಿ ಇಸ್ಕೊಳ್ಳಿ. ಅದರಲ್ಲಿ 16 ಭಾಗ ಇರುತ್ತೆ, ಎಲ್ಲಾ ಓದೋಕೆ ಪುರುಸೊತ್ತಿಲ್ಲ ಅಂದ್ರೆ ಸೀದಾ 14ನೇ ಭಾಗಕ್ಕೆ ಹೋಗಿ, ಸಾಗಾಣಿಕೆ ವಿವರ ಅದು. ಅಲ್ಲಿ 5.1 ಅಂತ ಕಂಡ್ರೆ 10ನೇ ಭಾಗ ತೆಗೀರಿ, ಯಾವುದರ ಜೊತೆ ಇಡಬಾರದು ಅಂತ ಅಲ್ಲಿರುತ್ತೆ. 5.1 ಇಲ್ಲದಿದ್ರೂ 10ನೇ ಭಾಗ ಒಂದು ಸಲ ನೋಡಿ, ಮೇರ್ಸ್ಕ್ ಹೋನಮ್‌ನಲ್ಲಿದ್ದ ಸರಕೂ 5.1 ವರ್ಗದ್ದಾಗಿರಲಿಲ್ಲ.

ಇಂತಿ ನಿಮ್ಮ ಓದುಗ,
ಒಬ್ಬ ಲ್ಯಾಬ್ ಕೆಮಿಸ್ಟ್, ಬೆಂಗಳೂರು